ಬೆಂಗಳೂರಿನ ಸುತ್ತ ಗೂಡ್ಸ್ ಗಾಡಿಗಳನ್ನು ನೋಡಲು ಮತ್ತು ಚಿತ್ರೀಕರಿಸಲು ಎಲ್ಲಿ, ಯಾವಾಗ ನಿಲ್ಲಬೇಕು?

ಪ್ರಶ್ನೆ: ಕಾಡುಗೋಡಿ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವನು. ನಮ್ಮ ಮನೆಗೂ ರೈಲು ಹಳಿಗೂ ನಡುವೆ ಒಂದು ಬೇಲಿ ಮತ್ತು ಒಂದು ಬೇವಿನ ಮರ ಮಾತ್ರ ಇದ್ದುದರಿಂದ, ನಡುರಾತ್ರಿ ಅದಿರು ಹೊತ್ತ ಗಾಡಿ ಹೊರಡುವಾಗ ಕೊಂಡಿಯಿಂದ ಕೊಂಡಿಗೆ ಸಾಗುತ್ತಿದ್ದ ಜಗ್ಗುವಿಕೆಯ ಸದ್ದಿಗೆ ಅಡುಗೆಮನೆಯ ತಟ್ಟೆ ಲೋಟಗಳೂ ದನಿಗೂಡಿಸುತ್ತಿದ್ದವು. ಕೆಲಸದ ನಿಮಿತ್ತ ಬೆಂಗಳೂರಿಗೆ ಬಂದು ಕಾಡುಗೋಡಿಯಲ್ಲಿ ನೆಲೆಸಿ ಒಂಬತ್ತು ವರ್ಷಗಳಾದವು. ಈಗ ಹನ್ನೊಂದು ವರ್ಷದ ನನ್ನ ಮಗನಿಗೆ ಅದೇ ಆಸಕ್ತಿ ಹತ್ತಿಕೊಂಡಿದೆ. ಅವನಿಗೆ ಪ್ರಯಾಣಿಕರ ಗಾಡಿಗಳಿಗಿಂತ ಗೂಡ್ಸ್ ಗಾಡಿಗಳೇ ಇಷ್ಟ. ಅವುಗಳ ವ್ಯಾಗನ್ ಎಣಿಸುವುದು, ಎಂಜಿನ್ನಿನ ಸಂಖ್ಯೆ ಬರೆದುಕೊಳ್ಳುವುದು, ಫೋನಿನಲ್ಲಿ ಚಿತ್ರೀಕರಿಸುವುದು ಅವನಿಗೆ ಬೇಕು.

ಪ್ರಯಾಣಿಕರ ಗಾಡಿ ಈಗ ಎಲ್ಲಿದೆಯೆಂಬುದನ್ನು ಫೋನಿನಲ್ಲಿಯೇ ತಿಳಿಯಬಹುದು, ಆದರೆ ಗೂಡ್ಸ್ ಗಾಡಿಗಳಿಗೆ ಸಾರ್ವಜನಿಕ ವೇಳಾಪಟ್ಟಿ ಇಲ್ಲ. ಸತತ ಮೂರು ಭಾನುವಾರ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ವೈಟ್‌ಫೀಲ್ಡ್ ನಿಲ್ದಾಣದಲ್ಲಿ ಕಾದರೂ ನಮಗೆ ಕಂಡದ್ದು ಎರಡೇ ಗೂಡ್ಸ್ ಗಾಡಿಗಳು, ಅವುಗಳಲ್ಲಿ ಒಂದು ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಬಾಲ ತೋರಿಸಿ ಹೋಯಿತು. ಇವು ಬರುವ ಹೊತ್ತನ್ನು ಊಹಿಸುವುದಕ್ಕೆ ಯಾವುದಾದರೂ ಕ್ರಮವಿದೆಯೇ? ಮಗುವನ್ನು ಕರೆದುಕೊಂಡು ಸುರಕ್ಷಿತವಾಗಿ, ಕಾನೂನಿಗೆ ವಿರುದ್ಧವಾಗದಂತೆ ನಿಲ್ಲಬಹುದಾದ ಜಾಗಗಳು ಯಾವುವು? ಚಿತ್ರೀಕರಣದ ಬಗ್ಗೆಯೂ ಅನುಭವಸ್ಥರು ನಾಲ್ಕು ಮಾತು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಳಿಯ ನೆರೆಯವ

ಕಾಡುಗೋಡಿಯಲ್ಲಿ ಇರುವವರು ಈ ಪ್ರಶ್ನೆ ಕೇಳಿದ್ದು ನನಗೆ ಸಂತೋಷ ತಂದಿತು, ಏಕೆಂದರೆ ಬೆಂಗಳೂರಿನಲ್ಲಿ ಗೂಡ್ಸ್ ಗಾಡಿ ನೋಡುವವರಿಗೆ ನಿಮಗಿಂತ ಒಳ್ಳೆಯ ವಿಳಾಸ ಸಿಗುವುದು ಕಷ್ಟ. ಸುಮಾರು ಹದಿನೈದು ವರ್ಷಗಳಿಂದ ಈ ಹವ್ಯಾಸ ಇಟ್ಟುಕೊಂಡಿರುವ ನಾನು ಕಲಿತ ಮುಖ್ಯ ವಿಷಯವನ್ನು ಮೊದಲು ಹೇಳುತ್ತೇನೆ. ಪ್ರಯಾಣಿಕರ ಗಾಡಿ ಹೊತ್ತಾದಾಗ ಹೊರಡುತ್ತದೆ, ಗೂಡ್ಸ್ ಗಾಡಿ ಸರಕು ತುಂಬಿದಾಗ ಹೊರಡುತ್ತದೆ. ಆದ್ದರಿಂದ ಗಡಿಯಾರಕ್ಕಿಂತ ಮೊದಲು, ಈ ನಗರ ಏನನ್ನು ತರಿಸಿಕೊಳ್ಳುತ್ತದೆ, ಏನನ್ನು ಕಳುಹಿಸುತ್ತದೆ, ಅದು ಎಲ್ಲಿ ಇಳಿಯುತ್ತದೆ, ಎಲ್ಲಿ ಏರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಅದು ತಿಳಿದರೆ ಎಲ್ಲಿ ನಿಲ್ಲಬೇಕೆಂಬುದು ತಾನಾಗಿ ತಿಳಿಯುತ್ತದೆ.

ನಿಮ್ಮ ಮನೆಯ ಹತ್ತಿರದಿಂದಲೇ ಆರಂಭಿಸೋಣ. ವೈಟ್‌ಫೀಲ್ಡಿನಲ್ಲಿ ಒಳನಾಡು ಕಂಟೇನರ್ ಡಿಪೋ ಇದೆ. ಅಲ್ಲಿಂದ ಚೆನ್ನೈ ಬಂದರಿಗೆ ಹೋಗುವ ಮತ್ತು ಬಂದರಿನಿಂದ ಬರುವ ಕಂಟೇನರ್ ಗಾಡಿಗಳು ಬಂಗಾರಪೇಟೆ ದಾರಿಯಲ್ಲಿ ಸಾಗುತ್ತವೆ. ಪಕ್ಕದಲ್ಲಿಯೇ ಇರುವ ಸ್ಯಾಟಲೈಟ್ ಗೂಡ್ಸ್ ಟರ್ಮಿನಲ್‌ನಲ್ಲಿ ಸಿಮೆಂಟ್, ಗೊಬ್ಬರದಂಥ ಸರಕು ಇಳಿಯುತ್ತದೆ. ಮುಂದಿನ ನಿಲ್ದಾಣವಾದ ದೇವನಗೊಂದಿಯಲ್ಲಿ ತೈಲ ಸಂಗ್ರಹಾಗಾರಗಳಿವೆ. ಮಂಗಳೂರಿನಿಂದ ಹಾಸನದ ಮೂಲಕ ಬರುವ ಕೊಳವೆಮಾರ್ಗ ಮುಗಿಯುವುದು ಅಲ್ಲಿಯೇ. ಆದುದರಿಂದ ಉರುಳೆಯಾಕಾರದ ಟ್ಯಾಂಕರ್ ವ್ಯಾಗನ್‌ಗಳ ಸಾಲು ಕಂಡರೆ ಅದಕ್ಕೆ ದೇವನಗೊಂದಿಯ ನಂಟಿದೆಯೇ ಎಂದು ಯೋಚಿಸಬಹುದು. ಆದರೆ ಆ ತೈಲದ ಸೈಡಿಂಗ್ (ಸರಕು ತುಂಬುವ, ಇಳಿಸುವ ಪಕ್ಕದ ಹಳಿ) ಕಾವಲಿರುವ ಸ್ಥಳ, ಅದರ ಕಡೆ ಕ್ಯಾಮೆರಾ ತಿರುಗಿಸುವ ಯೋಚನೆಯನ್ನೇ ಮಾಡಬೇಡಿ.

ಬಂಗಾರಪೇಟೆ ಕಡೆಯಿಂದ ಬಂದು ಉತ್ತರಕ್ಕೆ ಹೋಗಬೇಕಾದ ಗಾಡಿ ನಗರದ ಮಧ್ಯದ ಮುಖ್ಯ ನಿಲ್ದಾಣಕ್ಕೆ ಹೋಗಬೇಕಾಗಿಲ್ಲ. ಚನ್ನಸಂದ್ರದ ಮೂಲಕ ಯಲಹಂಕಕ್ಕೆ ಒಂದು ಮಾರ್ಗವಿದೆ. ಬಾಣಸವಾಡಿ, ಹೆಬ್ಬಾಳ, ಲೊಟ್ಟೆಗೊಲ್ಲಹಳ್ಳಿಯ ಮೂಲಕ ಯಶವಂತಪುರಕ್ಕೆ ಇನ್ನೊಂದು ಮಾರ್ಗವಿದೆ. ಮೆಜೆಸ್ಟಿಕ್‌ನಲ್ಲಿ ದಿನವಿಡೀ ನಿಂತರೂ ಕಾಣದಷ್ಟು ಗೂಡ್ಸ್ ಗಾಡಿಗಳು ಈ ಹೊರಸುತ್ತಿನ ಹಳಿಗಳಲ್ಲಿ ಕಾಣುವುದಕ್ಕೆ ಕಾರಣ ಇದೇ. ಯಲಹಂಕದ ದಾರಿಯಲ್ಲಿ ಹೋದಾಗ ನಿಮ್ಮ ಮಗನಿಗೆ ಒಂದು ವಿಷಯ ಹೇಳಿ: ಅಲ್ಲಿರುವ ರೈಲು ಗಾಲಿ ಕಾರ್ಖಾನೆ 1984ರಿಂದ ಗಾಲಿ ಮತ್ತು ಅಚ್ಚುಗಳನ್ನು (ಆಕ್ಸಲ್) ತಯಾರಿಸುತ್ತಿದೆ. ಅವನ ಮುಂದೆ ಸದ್ದು ಮಾಡುತ್ತಾ ಹೋಗುವ ವ್ಯಾಗನ್ನಿನ ಗಾಲಿ ಅದೇ ಊರಿನಲ್ಲಿ ಎರಕಗೊಂಡದ್ದಿರಬಹುದು.

ಇನ್ನು ಸಮಯದ ವಿಚಾರ. ನೀವು ಆಯ್ದುಕೊಂಡ ಬೆಳಗಿನ ಏಳರಿಂದ ಒಂಬತ್ತು ಗಂಟೆಯೇ ನಿಮಗೆ ಅಡ್ಡ ಬಂದಿರುವುದು. ಮೆಮು ಎಂಬ ಸ್ಥಳೀಯ ಪ್ರಯಾಣಿಕರ ಗಾಡಿಗಳೂ ಎಕ್ಸ್‌ಪ್ರೆಸ್‌ಗಳೂ ಒಂದರ ಹಿಂದೆ ಒಂದು ಬರುವ ಹೊತ್ತಿನಲ್ಲಿ ಕಂಟ್ರೋಲ್ ಕಚೇರಿಯವರು ಗೂಡ್ಸ್ ಗಾಡಿಯನ್ನು ಎಲ್ಲಿಯೋ ಒಂದು ಲೂಪ್ ಲೈನಿನಲ್ಲಿ, ಅಂದರೆ ಬೇರೆ ಗಾಡಿಗೆ ದಾರಿ ಬಿಡಲು ಮುಖ್ಯ ಹಳಿಯ ಪಕ್ಕದಲ್ಲಿರುವ ಹಳಿಯಲ್ಲಿ, ನಿಲ್ಲಿಸಿರುತ್ತಾರೆ. ಕೃಷ್ಣರಾಜಪುರ ಮತ್ತು ಬಂಗಾರಪೇಟೆಯ ನಡುವೆ ಓಡುವ ಪ್ರಯಾಣಿಕರ ಗಾಡಿಗಳ ಸಮಯವನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಎರಡು ಗಾಡಿಗಳ ನಡುವೆ ಮುಕ್ಕಾಲು ಗಂಟೆಗಿಂತ ಹೆಚ್ಚಿನ ತೆರಪು ಎಲ್ಲಿದೆಯೋ ಅದೇ ಗೂಡ್ಸ್ ಗಾಡಿಗಳ ಹೊತ್ತು. ನನ್ನ ಡೈರಿಯಲ್ಲಿ ಅತಿ ಹೆಚ್ಚು ಗುರುತುಗಳಿರುವುದು ಮಧ್ಯಾಹ್ನದ ಪುಟಗಳಲ್ಲಿ.

ಇದರ ಮಗ್ಗುಲಿನ ಇನ್ನೊಂದು ಉಪಾಯವೂ ಇದೆ. ದಟ್ಟಣೆಯ ಹೊತ್ತಿನಲ್ಲಿಯೇ ಹೋಗುವುದಾದರೆ ಮಾಲೂರು, ಟೇಕಲ್‌ನಂಥ ಚಿಕ್ಕ ನಿಲ್ದಾಣಕ್ಕೆ ಟಿಕೆಟ್ ತೆಗೆದುಕೊಂಡು ಹೋಗಿ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕುಳಿತುಕೊಳ್ಳಿ. ಲೂಪಿನಲ್ಲಿ ಗೂಡ್ಸ್ ಗಾಡಿ ನಿಂತಿದ್ದು, ಅದರ ಸ್ಟಾರ್ಟರ್ ಸಿಗ್ನಲ್ (ನಿಲ್ದಾಣದಿಂದ ಹೊರಡಲು ಅಪ್ಪಣೆ ಕೊಡುವ ಸಿಗ್ನಲ್) ಕೆಂಪಾಗಿದ್ದು, ಪಕ್ಕದ ಮೇನ್ ಲೈನಿನ ಸ್ಟಾರ್ಟರ್ ಹಸಿರಾಯಿತೆಂದರೆ ಎಕ್ಸ್‌ಪ್ರೆಸ್ ದಾಟಿಹೋಗಲಿದೆ ಎಂದು ಅರ್ಥ. ಅದು ಹೋದ ಕೆಲವು ನಿಮಿಷಗಳಲ್ಲಿ ಲೂಪಿನ ಸಿಗ್ನಲ್ ಬದಲಾಗುತ್ತದೆ, ಆಗ ನೀವು ಹುಬ್ಬಳ್ಳಿಯಲ್ಲಿ ಕೇಳುತ್ತಿದ್ದ ಆ ಜಗ್ಗುವಿಕೆಯ ಸದ್ದು ಎಂಜಿನ್ನಿನಿಂದ ಕೊನೆಯ ವ್ಯಾಗನ್ನಿನವರೆಗೆ ಹರಿಯುವುದನ್ನು ಮಗನಿಗೆ ಕೇಳಿಸಬಹುದು. ನಿಂತ ಗಾಡಿ ಹೊರಡುವುದನ್ನು ನೋಡುವುದು, ಓಡುವ ಗಾಡಿಯನ್ನು ನೋಡುವುದಕ್ಕಿಂತ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಶ್ಚಿಮಕ್ಕೆ ಹೋದರೆ ನೆಲಮಂಗಲ ನೆನಪಿರಲಿ. ಅಲ್ಲಿಂದ ಸೊಲ್ಲಾಪುರದ ಬಳಿಯ ಬಾಳೆ ನಿಲ್ದಾಣಕ್ಕೆ, ಲಾರಿಗಳನ್ನು ಸರಕಿನ ಸಮೇತ ವ್ಯಾಗನ್ನಿನ ಮೇಲೇರಿಸಿ ಒಯ್ಯುವ ರೋ-ರೋ ಗಾಡಿಯನ್ನು 2020ರ ಆಗಸ್ಟಿನಲ್ಲಿ ಆರಂಭಿಸಿದರು. ಕೊಂಕಣ ರೈಲ್ವೆಯಲ್ಲಿ 1999ರಿಂದ ನಡೆದು ಬಂದ ಪದ್ಧತಿ ಅದು. ಕೃಷ್ಣರಾಜಪುರದ ತೂಗುಸೇತುವೆಯ ಮೇಲಿನಿಂದಲೂ ಲೋಕೋ ಶೆಡ್ ಮತ್ತು ಹಳಿಗಳು ಚೆನ್ನಾಗಿ ಕಾಣುತ್ತವೆ.

ಉತ್ತರ 2: ನಿವೃತ್ತ ಗಾರ್ಡ್

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಕೊನೆಯ ವಾಕ್ಯವೊಂದನ್ನು ಬಿಟ್ಟು. ತೂಗುಸೇತುವೆಯ ಮೇಲೆ ವಾಹನಗಳ ಓಡಾಟ ಎಡೆಬಿಡದೆ ಇರುತ್ತದೆ, ಹನ್ನೊಂದು ವರ್ಷದ ಮಗುವನ್ನು ಅಲ್ಲಿ ನಿಲ್ಲಿಸುವುದು ಸರಿಯಲ್ಲ. ದಯವಿಟ್ಟು ಆ ಸಲಹೆಯನ್ನು ಕೈಬಿಡಿ.

ನಾನು ಗೂಡ್ಸ್ ಗಾಡಿಯ ಕೊನೆಯಲ್ಲಿರುವ ಗಾರ್ಡ್ ಡಬ್ಬಿಯಾದ ಬ್ರೇಕ್ ವ್ಯಾನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕುಳಿತವನು. 2022ರ ಜನವರಿಯಿಂದ ನಮ್ಮ ಹುದ್ದೆಯ ಹೆಸರು ಟ್ರೈನ್ ಮ್ಯಾನೇಜರ್ ಎಂದಾಯಿತು. ನಾನು ಅದಕ್ಕೂ ಮೊದಲೇ ನಿವೃತ್ತನಾದುದರಿಂದ ನನಗೆ ನಾನು ಗಾರ್ಡ್ ಆಗಿಯೇ ಉಳಿದಿದ್ದೇನೆ. ಹಳಿಯ ಪಕ್ಕದಲ್ಲಿ ನಿಂತು ಕೈಬೀಸುವ ಮಕ್ಕಳನ್ನು ಕಂಡರೆ ನಮಗೆ ನಿಜವಾಗಿಯೂ ಸಂತೋಷವಾಗುತ್ತದೆ. ಆದರೆ ಚಿತ್ರ ತೆಗೆಯುವವರಿಗೆ ತಿಳಿಯದ ಕೆಲವು ಸಂಗತಿಗಳು ಗಾಡಿಯೊಳಗಿನವರಿಗೆ ತಿಳಿದಿರುತ್ತವೆ.

ಮೊದಲನೆಯದು, ಕೆಂಪು ಬಟ್ಟೆ ಬೀಸಬಾರದು, ಎರಡೂ ಕೈಗಳನ್ನು ಎತ್ತಿ ಜೋರಾಗಿ ಆಡಿಸಬಾರದು. ರೈಲ್ವೆಯ ನಿಯಮದಲ್ಲಿ ಅದು ಅಪಾಯದ ಸಂಕೇತ; ಲೋಕೋ ಪೈಲಟ್ (ಎಂಜಿನ್ ಚಾಲಕ) ಅದನ್ನು ಕಂಡರೆ ಗಾಡಿ ನಿಲ್ಲಿಸಲೇಬೇಕು. ತುಂಬಿದ ಗಾಡಿಯನ್ನು ಸುಮ್ಮನೆ ನಿಲ್ಲಿಸಿದರೆ ಮತ್ತೆ ಬ್ರೇಕ್ ಬಿಡಿಸಿ, ಗಾಳಿಯ ಒತ್ತಡ ಕೂಡಿಸಿಕೊಂಡು ಹೊರಡಿಸುವಷ್ಟರಲ್ಲಿ ಹಿಂದಿನ ಗಾಡಿಗಳೆಲ್ಲ ತಡವಾಗುತ್ತವೆ. ಒಂದು ಕೈಯನ್ನು ನಿಧಾನವಾಗಿ ಬೀಸಿದರೆ ಸಾಕು, ನಾವೂ ಬೀಸುತ್ತೇವೆ. ರಾತ್ರಿಯಲ್ಲಿ ಫ್ಲ್ಯಾಶ್ ಹಾಕಬಾರದು, ಅದು ಸಿಗ್ನಲ್ ನೋಡುತ್ತಿರುವ ಕಣ್ಣನ್ನು ಕೋರೈಸುತ್ತದೆ.

ಎರಡನೆಯದು ಇನ್ನೂ ಮುಖ್ಯವಾದುದು. ಜೋಡಿ ಹಳಿಯಿರುವಲ್ಲಿ ನಿಮ್ಮ ಮುಂದಿನ ಗಾಡಿಯ ಅಬ್ಬರದಲ್ಲಿ ಹಿಂದಿನ ಹಳಿಯ ಗಾಡಿ ಕೇಳಿಸುವುದಿಲ್ಲ. ವಿದ್ಯುತ್ ಎಂಜಿನ್ ದೂರದಿಂದ ಸದ್ದು ಕೊಡುವುದೇ ಕಡಿಮೆ. ಕ್ಯಾಮೆರಾದ ಪರದೆ ನೋಡುತ್ತಾ ನಿಂತವನಿಗೆ ಪಕ್ಕದ ಲೋಕವೇ ಇರುವುದಿಲ್ಲ. ಆದುದರಿಂದ ಹಳಿಯ ಮೇಲಾಗಲಿ, ಜಲ್ಲಿಯ ಮೇಲಾಗಲಿ ಕಾಲಿಡುವ ಮಾತೇ ಬೇಡ. ಅಪ್ಪಣೆಯಿಲ್ಲದೆ ಅಲ್ಲಿಗೆ ಹೋಗುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಶಿಕ್ಷಾರ್ಹ ಅಪರಾಧವೂ ಹೌದು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಇರುತ್ತದೆ, ಅದು ಮುಟ್ಟದೆಯೂ ಹಾರಿ ಹೊಡೆಯಬಲ್ಲದು. ಮೇಲುಸೇತುವೆಯಿಂದ ಸೆಲ್ಫಿ ಕೋಲನ್ನು ತಂತಿಯ ಕಡೆ ಚಾಚಿದವರಿಗೆ ಒದಗಿದ ಗತಿಯನ್ನು ನಾನು ಇಲ್ಲಿ ಬರೆಯುವುದಿಲ್ಲ.

ನಿಲ್ಲುವುದಾದರೆ ಪ್ಲಾಟ್‌ಫಾರಂನಲ್ಲಿ ಟಿಕೆಟ್ ಹಿಡಿದು ಹಳದಿ ಪಟ್ಟಿಯ ಹಿಂದೆ ನಿಲ್ಲಿ. ಪ್ಲಾಟ್‌ಫಾರಂ ಟಿಕೆಟ್ಟಿನ ಅವಧಿ ಎರಡು ಗಂಟೆ ಎಂಬುದು ನೆನಪಿರಲಿ. ಹೋದ ಕೂಡಲೇ ಸ್ಟೇಷನ್ ಮಾಸ್ಟರ್‌ ಅವರಿಗೆ ನಮಸ್ಕಾರ ಹೇಳಿ, ಮಗನ ಆಸಕ್ತಿಯನ್ನು ತಿಳಿಸಿ. ಹತ್ತರಲ್ಲಿ ಎಂಟು ಮಂದಿ ನಗುತ್ತಾ ಒಪ್ಪುತ್ತಾರೆ. ಬೇಡ ಎಂದರೆ ವಾದಿಸದೆ ಬಂದುಬಿಡಿ. ಸಿಗ್ನಲ್ ಕೋಣೆ, ಪ್ಯಾನಲ್ ಮುಂತಾದವನ್ನು ಚಿತ್ರೀಕರಿಸಬೇಡಿ. ಇಲ್ಲವೆಂದರೆ ಲೆವೆಲ್ ಕ್ರಾಸಿಂಗಿನ ಗೇಟಿನ ಹೊರಗೆ, ಸಾರ್ವಜನಿಕ ರಸ್ತೆಯ ಅಂಚಿನಲ್ಲಿ ನಿಲ್ಲಬಹುದು. ಗೇಟಿಗೆ 600 ಮೀಟರ್ ಮೊದಲೇ ಸೀಟಿಯ ಫಲಕ ಇರುವುದರಿಂದ ಅಲ್ಲಿ ಹಾರ್ನ್ ಕೇಳುವುದು ಖಂಡಿತ. ಆದರೆ ಗೇಟ್‌ಮನ್ ಜೊತೆ ಮಾತಿಗೆ ನಿಲ್ಲಬೇಡಿ, ಅವರ ಕಿವಿ ಫೋನಿನ ಮೇಲಿರಬೇಕು.

ಮಗುವಿಗೆ ವ್ಯಾಗನ್ ಎಣಿಸುವ ಆಸಕ್ತಿ ಇದೆಯೆಂದಿರಿ. ಅವನಿಗೆ ಇನ್ನೂ ಒಳ್ಳೆಯ ಕೆಲಸವೊಂದನ್ನು ಕೊಡುತ್ತೇನೆ. ಪ್ರತಿ ವ್ಯಾಗನ್ನಿನ ಮೇಲೆ ಹನ್ನೊಂದು ಅಂಕಿಗಳ ಸಂಖ್ಯೆ ಬರೆದಿರುತ್ತದೆ. ಮೊದಲ ಎರಡು ಅಂಕಿ ವ್ಯಾಗನ್ನಿನ ಜಾತಿ: 10ರಿಂದ 29ರವರೆಗೆ ತೆರೆದ ವ್ಯಾಗನ್, 30ರಿಂದ 39 ಮುಚ್ಚಿದ್ದು, 40ರಿಂದ 54 ಟ್ಯಾಂಕರ್, 55ರಿಂದ 69 ಕಂಟೇನರ್ ಮುಂತಾದವನ್ನು ಹೊರುವ ಚಪ್ಪಟೆ ವ್ಯಾಗನ್, 70ರಿಂದ 79 ಕೆಳಗಿನಿಂದ ಸರಕು ಸುರಿಯುವ ಹಾಪರ್, 85ರಿಂದ 89 ನಾನು ಕುಳಿತಿದ್ದ ಬ್ರೇಕ್ ವ್ಯಾನ್. ನಂತರದ ಎರಡು ಅಂಕಿ ಒಡೆತನದ ರೈಲ್ವೆ ವಲಯ, ಅದರ ಮುಂದಿನ ಎರಡು ತಯಾರಾದ ವರ್ಷ, ಆಮೇಲಿನ ನಾಲ್ಕು ಕ್ರಮಸಂಖ್ಯೆ, ಹನ್ನೊಂದನೆಯದು ತಾಳೆ ನೋಡುವ ಅಂಕಿ. ಎರಡು, ನಾಲ್ಕು, ಆರು, ಎಂಟು, ಹತ್ತನೆಯ ಸ್ಥಾನಗಳ ಅಂಕಿಗಳನ್ನು ಕೂಡಿ ಮೂರರಿಂದ ಗುಣಿಸಬೇಕು. ಅದಕ್ಕೆ ಒಂದು, ಮೂರು, ಐದು, ಏಳು, ಒಂಬತ್ತನೆಯ ಸ್ಥಾನಗಳ ಅಂಕಿಗಳನ್ನು ಸೇರಿಸಬೇಕು. ಬಂದ ಮೊತ್ತ ಹತ್ತರ ಗುಣಕವಾಗಲು ಎಷ್ಟು ಕಡಿಮೆಯೋ ಅದೇ ಹನ್ನೊಂದನೆಯ ಅಂಕಿ. ಸಂಖ್ಯೆ ಬರೆದುಕೊಳ್ಳುವಾಗ ತಪ್ಪಾಗಿದ್ದರೆ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ.

ಉತ್ತರ 3: ದೊಡ್ಡಬಳ್ಳಾಪುರದವಳು

ಚಿತ್ರೀಕರಣದ ಬಗ್ಗೆ ಯಾರೂ ಹೇಳದಿರುವುದರಿಂದ ನಾನು ಬರೆಯುತ್ತಿದ್ದೇನೆ. ನಾನು ಎಂಟು ವರ್ಷಗಳಿಂದ ಫೋನಿನಲ್ಲಿ, ಮೂರು ವರ್ಷಗಳಿಂದ ಕ್ಯಾಮೆರಾದಲ್ಲಿ ಗೂಡ್ಸ್ ಗಾಡಿಗಳನ್ನು ಚಿತ್ರೀಕರಿಸುತ್ತಿದ್ದೇನೆ. ಆರಂಭದಲ್ಲಿ ಮಾಡಿದ ದೊಡ್ಡ ತಪ್ಪು ಎಂದರೆ ಎಂಜಿನ್ ಮುಂದೆ ಹಾದುಹೋದ ಕೂಡಲೇ ಕ್ಯಾಮೆರಾ ನಿಲ್ಲಿಸುತ್ತಿದ್ದುದು. ತೆರೆದ ವ್ಯಾಗನ್‌ಗಳ ಒಂದು ರೇಕಿನಲ್ಲಿ, ಅಂದರೆ ಒಟ್ಟಾಗಿ ಜೋಡಿಸಿದ ಒಂದು ಸಾಲಿನಲ್ಲಿ, ಸಾಮಾನ್ಯವಾಗಿ 58 ಅಥವಾ 59 ವ್ಯಾಗನ್‌ಗಳಿರುತ್ತವೆ, ಒಂದೊಂದೂ 10.7 ಮೀಟರ್ ಉದ್ದ. ಎಂಜಿನ್, ಬ್ರೇಕ್ ವ್ಯಾನ್ ಸೇರಿದರೆ ಇಡೀ ಗಾಡಿ 700 ಮೀಟರಿಗೆ ಹತ್ತಿರವಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು ನಿಮ್ಮನ್ನು ದಾಟಲು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಆ ಒಂದು ನಿಮಿಷವೇ ಗೂಡ್ಸ್ ಗಾಡಿ. ಕೊನೆಯ ವ್ಯಾಗನ್ ದಾಟಿ, ಗಾರ್ಡ್ ಹಸಿರು ಬಾವುಟ ಮಡಚಿ ಒಳಗೆ ಹೋಗಿ, ಹಳಿ ಮತ್ತೆ ಮೌನವಾಗುವವರೆಗೆ ಕೈ ಅಲ್ಲಾಡಿಸದೆ ಹಿಡಿಯಿರಿ. ಫೋನನ್ನು ಅಡ್ಡವಾಗಿ ಹಿಡಿಯಿರಿ, ಜೂಮ್ ಮಾಡಬೇಡಿ, ಗಾಡಿಯನ್ನು ಹಿಂಬಾಲಿಸಿ ಕ್ಯಾಮೆರಾ ತಿರುಗಿಸುವ ಬದಲು ಚೌಕಟ್ಟನ್ನು ನಿಶ್ಚಲವಾಗಿಟ್ಟು ಗಾಡಿಯೇ ಅದರೊಳಗೆ ಬಂದು ಹೋಗಲಿ.

ಸದ್ದಿಗೆ ಚಿತ್ರದಷ್ಟೇ ಬೆಲೆ ಕೊಡಿ. ಗಾಳಿಯ ಕಡೆಗೆ ಬೆನ್ನು ಮಾಡಿ ನಿಂತರೆ ಫೋನಿನ ಮೈಕಿನಲ್ಲಿ ಬರುವ ಗಾಳಿಯ ಸುಂಯ್‌ ಸದ್ದು ಬಹುಪಾಲು ತಗ್ಗುತ್ತದೆ. ಕಂಟೇನರ್ ಗಾಡಿಯ ವ್ಯಾಗನ್‌ಗಳು ಐದೈದರ ಗುಂಪಾಗಿ ಜೋಡಣೆಯಾಗಿರುತ್ತವೆ, ಒಂದು ರೇಕಿಗೆ 45. ಅವುಗಳ ಗಾಲಿಯ ವ್ಯಾಸ 840 ಮಿಲಿಮೀಟರ್, ತೆರೆದ ವ್ಯಾಗನ್ನಿನದು 1,000. ಕಣ್ಣು ಮುಚ್ಚಿ ಕೇಳಿದರೂ ಎರಡರ ತಾಳ ಬೇರೆಯೆಂದು ತಿಳಿಯುತ್ತದೆ. ಎಂಜಿನ್ನಿನ ವಿಷಯದಲ್ಲಂತೂ ಹುಬ್ಬಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ, 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಡೀಸೆಲ್‌ನ ಗುನುಗು ಅಲ್ಲಿನವರ ಕಿವಿಯಲ್ಲಿಯೇ ಇರುತ್ತದೆ. ತಂತಿ ಬಂದ ಮಾರ್ಗಗಳಲ್ಲಿ ಅದರ ಜಾಗಕ್ಕೆ ಡಬ್ಲ್ಯುಎಜಿ-9 ವಿದ್ಯುತ್ ಎಂಜಿನ್ ಬಂದಿದೆ. ಡೀಸೆಲ್ ಸದ್ದು ಎಲ್ಲಿ ಸಿಕ್ಕಿದರೂ ಇಂದೇ ಹಿಡಿದಿಟ್ಟುಕೊಳ್ಳಿ.

ಬೆಳಕಿನ ಬಗ್ಗೆ ಒಂದು ಮಾತು. ನಿಮ್ಮ ಬಂಗಾರಪೇಟೆ ಮಾರ್ಗ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿ ಸಾಗುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹಳಿಯ ದಕ್ಷಿಣ ಮಗ್ಗುಲಲ್ಲಿ ನಿಂತರೆ ಗಾಡಿಯ ಮೈಮೇಲೆ ಬೆಳಕು ಬೀಳುತ್ತದೆ. ಆದರೆ ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿ ಇರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ; ಆ ತಿಂಗಳುಗಳಲ್ಲಿ ಉತ್ತರದ ಮಗ್ಗುಲೇ ವಾಸಿ. ಈ ಸಣ್ಣ ವಿಷಯ ತಿಳಿಯದೆ ನಾನು ಒಂದು ಇಡೀ ಬೇಸಿಗೆ ಗಾಡಿಗಳ ಕಪ್ಪು ನೆರಳನ್ನೇ ಚಿತ್ರೀಕರಿಸಿದ್ದೆ.

ನಮ್ಮ ಕಡೆಗೂ ಒಮ್ಮೆ ಬನ್ನಿ. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ ಮಾಕಳಿದುರ್ಗದ ಬಳಿ ಹಳಿಗಳು ಗುಡ್ಡಗಳ ನಡುವೆ ಬಳಸುತ್ತಾ ಸಾಗುತ್ತವೆ. ಕೋಟೆಯ ಬೆಟ್ಟದ ಮೇಲಿನಿಂದ ನೋಡಿದರೆ ಎಂಜಿನ್ನಿನಿಂದ ಬ್ರೇಕ್ ವ್ಯಾನಿನವರೆಗೆ ಇಡೀ ಗಾಡಿ ಒಂದೇ ನೋಟಕ್ಕೆ ಸಿಗುತ್ತದೆ, ನೆಲದ ಮೇಲೆ ನಿಂತವರಿಗೆ ಎಂದೂ ಸಿಗದ ಭಾಗ್ಯವದು. ಬೆಟ್ಟ ಹತ್ತಲು ಪರಿಸರ ಪ್ರವಾಸೋದ್ಯಮದ ಜಾಲತಾಣದಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಿ. ಹಳಿಯ ಮೇಲೆ ನಡೆದುಕೊಂಡು ಹೋಗುವ ಅಡ್ಡದಾರಿಯನ್ನು ಯಾರಾದರೂ ತೋರಿಸಿದರೆ ಬೇಡವೆನ್ನಿ.

ಕಾಡುಗೋಡಿ ನಿವಾಸಿಯ ಮರುಬರಹ, ಮೂರು ವಾರಗಳ ನಂತರ

ಮೂವರಿಗೂ ನನ್ನ ಮನಃಪೂರ್ವಕ ವಂದನೆಗಳು. ಹೇಳಿದಂತೆ ಪ್ರಯಾಣಿಕರ ಗಾಡಿಗಳ ಸಮಯವನ್ನು ಬರೆದು ತೆರಪುಗಳನ್ನು ಗುರುತಿಸಿದೆವು. ಕಳೆದ ಶನಿವಾರ ಮಾಲೂರಿನಲ್ಲಿ ಹನ್ನೊಂದೂವರೆಯಿಂದ ಎರಡೂವರೆಯವರೆಗೆ ಕುಳಿತಿದ್ದೆವು. ಐದು ಗೂಡ್ಸ್ ಗಾಡಿಗಳು ಬಂದವು. ಅವುಗಳಲ್ಲಿ ಒಂದು ಲೂಪಿಗೆ ಬಂದು ನಮ್ಮ ಮುಂದೆಯೇ ನಿಂತಿತು. ಸ್ಟೇಷನ್ ಮಾಸ್ಟರ್ ಅವರು ನಮ್ಮ ಮಾತು ಕೇಳಿ ಒಪ್ಪಿದ್ದಲ್ಲದೆ, ಬಿಸಿಲು ಹೆಚ್ಚಾದಾಗ ಒಳಗಿನ ಬೆಂಚಿನಲ್ಲಿ ಕುಳಿತುಕೊಳ್ಳಲು ಹೇಳಿದರು.

ನಿಂತ ಗಾಡಿಯ ಹದಿನಾಲ್ಕು ವ್ಯಾಗನ್‌ಗಳ ಸಂಖ್ಯೆಯನ್ನು ಮಗ ಪ್ಲಾಟ್‌ಫಾರಂನಿಂದಲೇ ಓದಿ ಬರೆದುಕೊಂಡ. ಮನೆಗೆ ಬಂದು ಲೆಕ್ಕ ಹಾಕಿದಾಗ ಹದಿಮೂರು ತಾಳೆಯಾದವು, ಒಂದು ಆಗಲಿಲ್ಲ. ಅವನು ಅಷ್ಟಕ್ಕೆ ಬಿಡದೆ ಚಿತ್ರೀಕರಿಸಿದ್ದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಧೂಳಿನಲ್ಲಿ 8 ಎಂದು ಓದಿದ್ದು 3 ಎಂದು ಕಂಡುಹಿಡಿದ. ಗಾಡಿ ಹೊರಡುವಾಗಿನ ಸದ್ದನ್ನು ಹುಬ್ಬಳ್ಳಿಯಲ್ಲಿರುವ ನನ್ನ ತಾಯಿಗೆ ಕಳುಹಿಸಿದ್ದೇವೆ. ಮುಂದಿನ ತಿಂಗಳು ಮಾಕಳಿದುರ್ಗಕ್ಕೆ ಹೆಸರು ನೋಂದಾಯಿಸುವವರಿದ್ದೇವೆ. ಅಲ್ಲಿಗೆ ಹೋಗುವ ಬೆಳಗಿನ ಗಾಡಿಯ ಬಗ್ಗೆ ದೊಡ್ಡಬಳ್ಳಾಪುರದವರು ತಿಳಿಸಿದರೆ ಅನುಕೂಲವಾಗುತ್ತದೆ.

ದೊಡ್ಡಬಳ್ಳಾಪುರದವಳು

ಖಂಡಿತ ತಿಳಿಸುತ್ತೇನೆ. ವೇಳಾಪಟ್ಟಿ ಬದಲಾಗುತ್ತಿರುವುದರಿಂದ ನೀವು ಹೊರಡುವ ವಾರದಲ್ಲಿ ಇಲ್ಲಿಯೇ ಕೇಳಿ. ನೀರು ಹೆಚ್ಚಾಗಿ ತನ್ನಿ, ಬೆಟ್ಟದ ಮೇಲೆ ಸಿಗುವುದಿಲ್ಲ. ಮಗನಿಗೆ ಒಂದು ಸಣ್ಣ ದುರ್ಬೀನು ಇದ್ದರೆ ಅದನ್ನೂ ತನ್ನಿ, ಮೇಲಿನಿಂದ ಸಂಖ್ಯೆಗಳು ಬರಿಗಣ್ಣಿಗೆ ಕಾಣುವುದಿಲ್ಲ.